ಮಗನ ಪರೀಕ್ಷೆಯಲ್ಲಿ ನಾನೇ ಕಂಡೆ

ಪ್ರಶ್ನೆ: ನನಗೆ 39 ವರ್ಷ. ಹುಬ್ಬಳ್ಳಿಯಲ್ಲಿ ಹೈಸ್ಕೂಲ್ ಟೀಚರ್. ಮಗನಿಗೆ ಎಡಿಎಚ್‌ಡಿ (ಗಮನ, ಚಡಪಡಿಕೆಗೆ ಸಂಬಂಧಿಸಿದ ತೊಂದರೆ) ಇದೆ ಎಂದು ಹೋದ ವರ್ಷ ಗೊತ್ತಾಯಿತು. ಡಾಕ್ಟರ್ ಅವನ ಬಗ್ಗೆ ಕೇಳುತ್ತಿದ್ದರೆ ನನಗೆ ನನ್ನದೇ ಉತ್ತರ ಹೊಳೆಯುತ್ತಿತ್ತು. ಎದುರಿಗೇ ನಿಂತಿದ್ದರೂ ಹಾಲು ಉಕ್ಕಿಸುತ್ತೇನೆ. ಉತ್ತರಪತ್ರಿಕೆ ಕಟ್ಟು ಹದಿನೈದು ದಿನ ಹಾಗೇ ಬಿದ್ದಿರುತ್ತದೆ. ಕೊನೆಯ ರಾತ್ರಿ ಮೂರು ಗಂಟೆಯವರೆಗೆ ಕೂತು ಎಲ್ಲ ತಿದ್ದುತ್ತೇನೆ. ಆದರೆ ಶಾಲೆಯಲ್ಲಿ ನಾನು ಗಲಾಟೆ ಮಾಡಿದವಳಲ್ಲ. ಕಿಟಕಿ ಆಚೆ ನೋಡುತ್ತಾ ಸುಮ್ನೆ ಕೂತಿರುತ್ತಿದ್ದೆ. ನನಗೂ ಅದೇ ಇರಬಹುದಾ, ಅಥವಾ ನೆಪ ಹುಡುಕುತ್ತಿದ್ದೇನಾ?

ಉತ್ತರ: ನೆಪ ಹುಡುಕುವವರು ರಾತ್ರಿ ಮೂರು ಗಂಟೆಯವರೆಗೆ ಪತ್ರಿಕೆ ತಿದ್ದುವುದಿಲ್ಲ. ಆ ಅನುಮಾನ ಮೊದಲು ಬಿಡಿ.

ಹಾಲಿನ ವಿಷಯಕ್ಕೆ ಬರೋಣ. ನಿಮ್ಮಂಥವರು ಹೇಳುವ ಕಥೆ ಹೆಚ್ಚುಕಡಿಮೆ ಹೀಗಿರುತ್ತದೆ. ಒಲೆ ಹಚ್ಚಿ ನಿಂತಿರಿ. ಗೋಡೆಯ ಕ್ಯಾಲೆಂಡರ್ ಕಂಡಿತು, ಗ್ಯಾಸ್ ಬುಕ್ ಮಾಡಬೇಕಲ್ಲ ಎಂದು ನೆನಪಾಯಿತು. ಫೋನ್ ತೆಗೆದರೆ ತಂಗಿಯ ಮೆಸೇಜು. ಅವಳು ಕೇಳಿದ ಫೋಟೋ ಹುಡುಕುತ್ತಿದ್ದಾಗ ಸೀದ ವಾಸನೆ. ‘ಹಾಲು ಒಲಿ ಮ್ಯಾಲೆ ಇಟ್ಟು ತಲಿ ಎಲ್ಲಿ ಇಟ್ಟಿದ್ದಿ?’ ಎಂದು ಮನೆಯಲ್ಲಿ ಬೈಗುಳ. ಇದರಲ್ಲಿ ಒಂದು ನಿಮಿಷವೂ ನೀವು ಸೋಮಾರಿಯಾಗಿರಲಿಲ್ಲ. ಗ್ಯಾಸೂ ಬುಕ್ ಆಗಲಿಲ್ಲ, ಅದು ಬೇರೆ ಮಾತು.

ಎಡಿಎಚ್‌ಡಿ ಎಂದರೆ ಗಮನವೇ ಇಲ್ಲ ಎಂದಲ್ಲ. ಎಲ್ಲಿ ಬೇಕೋ ಅಲ್ಲಿ, ಬೇಕಾದಷ್ಟು ಹೊತ್ತು ಗಮನವನ್ನು ಹಿಡಿದಿಡುವುದು ಕಷ್ಟ. ‘ಈಗ ಮಾಡುತ್ತಿರುವ ಕೆಲಸ’ ಎಂಬುದನ್ನು ತಲೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ಬೇಗ ಜಾರುತ್ತದೆ. ಮುಖ್ಯವಾದ ಕೆಲಸ ಎಂದು ಗೊತ್ತಿದ್ದರೆ ಸಾಲದು, ಕುತೂಹಲ ಹುಟ್ಟಬೇಕು, ಇಲ್ಲವೇ ಕುತ್ತಿಗೆಗೆ ಬರಬೇಕು. ನಾಳೆ ಹೆಡ್‌ಮಾಸ್ಟರಿಗೆ ಮಾರ್ಕ್ಸ್ ಕೊಡಬೇಕು ಎಂಬ ಹೆದರಿಕೆಯೇ ಆ ರಾತ್ರಿ ನಿಮ್ಮನ್ನು ಕೂರಿಸಿದ್ದು. ಹದಿನೈದು ದಿನ ಕಟ್ಟು ಕಣ್ಣಿಗೆ ಬಿದ್ದಾಗಲೆಲ್ಲ ಅಪರಾಧಿ ಭಾವ, ಕೊನೆಗೆ ಒಂದೇ ರಾತ್ರಿಯ ಓಟ. ಇಪ್ಪತ್ತು ವರ್ಷ ಹೀಗೆ ಬದುಕಿದರೆ ಯಾರಿಗಾದರೂ ಸುಸ್ತಾಗುತ್ತದೆ, ಅಲ್ವಾ?

ಕಿಟಕಿ ಆಚೆ ನೋಡುತ್ತಿದ್ದ ಹುಡುಗಿಯನ್ನು ಯಾರೂ ಡಾಕ್ಟರ ಹತ್ತಿರ ಕರೆದೊಯ್ಯಲಿಲ್ಲ, ಏಕೆಂದರೆ ಅವಳಿಂದ ಯಾರಿಗೂ ತೊಂದರೆ ಇರಲಿಲ್ಲ. ಬೆಂಚು ಹತ್ತಿ ಕುಣಿಯುವ ಹುಡುಗ ಬೇಗ ಕಣ್ಣಿಗೆ ಬೀಳುತ್ತಾನೆ. ಮಗನ ಜೊತೆ ಅಮ್ಮನಿಗೂ ಗೊತ್ತಾಗುವುದು ನಮ್ಮ ಕ್ಲಿನಿಕ್‌ಗಳಲ್ಲಿ ಹೊಸದೇನಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಇದರಲ್ಲಿ ವಂಶವಾಹಿಗಳ ಪಾಲು ಶೇ 70ಕ್ಕೂ ಜಾಸ್ತಿ.

ಆದರೂ ಪತ್ರ ಓದಿ ನಾನು ‘ಹೌದು, ಅದೇ’ ಎನ್ನಲಾರೆ. ಮಾನಸಿಕ ತೊಂದರೆಗಳನ್ನು ಗುರುತಿಸಲು ಡಾಕ್ಟರುಗಳು ಬಳಸುವ ಕೈಪಿಡಿ, 2013ರಲ್ಲಿ ಬಂದ ಡಿಎಸ್‌ಎಂ-5 ಪ್ರಕಾರ 17 ತುಂಬಿದವರಲ್ಲಿ ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಿ, ಇಲ್ಲವೇ ಚಡಪಡಿಕೆ ಮತ್ತು ದುಡುಕಿನ ಒಂಬತ್ತರಲ್ಲಿ, ಕನಿಷ್ಠ ಐದು ಇರಬೇಕು. ಅವುಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಕಂಡಿರಬೇಕು. ಮನೆಯಲ್ಲಿ ಮಾತ್ರವಲ್ಲ, ಕೆಲಸದಲ್ಲೂ ತೊಡಕಾಗಿರಬೇಕು. ಹಾಗಾಗಿ ಹಳೇ ಟ್ರಂಕು ತೆಗೆದು ಪ್ರೈಮರಿಯ ಮಾರ್ಕ್ಸ್ ಕಾರ್ಡ್ ಹುಡುಕಿ. ‘ಬುದ್ಧಿವಂತೆ, ಆದರೆ ಗಮನ ಸಾಲದು’ ಎಂಬಂಥ ಒಂದು ಸಾಲು ಸಿಕ್ಕರೆ ಡಾಕ್ಟರಿಗೆ ಅದು ಚಿನ್ನ. ಅಮ್ಮನೋ ಅಕ್ಕನೋ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರವೇ ಇದೆ. ಥೈರಾಯ್ಡ್, ರಕ್ತಹೀನತೆ, ನಿದ್ದೆಗೇಡು, ಖಿನ್ನತೆ ಇವೆಲ್ಲ ಎಡಿಎಚ್‌ಡಿಯ ವೇಷ ಹಾಕಬಲ್ಲವು, ಅದನ್ನೂ ನೋಡುತ್ತಾರೆ. ದೊಡ್ಡವರ ಎಡಿಎಚ್‌ಡಿ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಗಳ ಪಟ್ಟಿ ತುಂಬುವುದಾದರೆ ತುಂಬಿ, ಆದರೆ ಅದು ಬಾಗಿಲು ತಟ್ಟಿದಂತೆ ಅಷ್ಟೇ.

ಇನ್ನೊಂದು ಮಾತು. ಮಗನ ಮಾತ್ರೆ ಒಂದು ನುಂಗಿ ನೋಡೋಣ ಎಂದು ಹೊರಡಬೇಡಿ. ನಗಬೇಡಿ, ನುಂಗಿ ಬಂದವರನ್ನು ನೋಡಿದ್ದೇನೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧಿ ಶುರು ಮಾಡುವ ಮೊದಲು ಬಿಪಿ, ನಾಡಿಬಡಿತ, ಹೃದಯದ ತೊಂದರೆ ಇದೆಯೇ ಎಂದೆಲ್ಲ ನೋಡಬೇಕಾಗುತ್ತದೆ.

ಅಲ್ಲಿಯವರೆಗೆ ನೆನಪಿನ ಶಕ್ತಿ ಹೆಚ್ಚಿಸಲು ಒದ್ದಾಡಬೇಡಿ, ನೆನಪನ್ನು ತಲೆಯಿಂದ ಹೊರಗಿಡಿ. ಸೀಟಿ ಹೊಡೆಯುವ ಹಾಲಿನ ಕುಕ್ಕರ್ ತನ್ನಿ. ಪತ್ರಿಕೆಗಳನ್ನು ಮನೆಗೆ ಹೊರಬೇಡಿ. ಸ್ಟಾಫ್ ರೂಮಿನಲ್ಲಿ ಇನ್ನೊಬ್ಬ ಟೀಚರ್ ತಮ್ಮ ಕಟ್ಟು ತಿದ್ದುವಾಗ ಪಕ್ಕದಲ್ಲಿ ಕೂತು ಹತ್ತು ತಿದ್ದಿ, ಎದ್ದುಬಿಡಿ. ಪಕ್ಕದಲ್ಲಿ ಒಬ್ಬರು ಇದ್ದರೆ ಇಷ್ಟು ಸಲೀಸಾಗುತ್ತದಾ ಎಂದು ನಿಮಗೇ ಆಶ್ಚರ್ಯವಾಗಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್, 28 ವರ್ಷ. ನನಗೆ ಆಟಿಸಂ (ಜನರೊಂದಿಗೆ ಬೆರೆಯುವ, ಸದ್ದು-ಬೆಳಕು ಗ್ರಹಿಸುವ ರೀತಿ ಬೇರೆಯಾಗಿರುವ ಸ್ಥಿತಿ) ಇದೆ ಎಂದು ಈಚೆಗೆ ತಿಳಿಯಿತು. ಆಫೀಸಿನಲ್ಲಿ ಹೇಳಬೇಕಾ? ಮನೆಯವರು ಹೆಣ್ಣು ನೋಡುತ್ತಿದ್ದಾರೆ, ಅಲ್ಲಿ?

ಉತ್ತರ: ಆಫೀಸಿನಲ್ಲಿ ಮೊದಲು ಬೇಕಾದದ್ದನ್ನು ಕೇಳಿ, ಹೆಸರನ್ನು ಆಮೇಲೆ ನೋಡೋಣ. ‘ಮೂಲೆಯ ಸೀಟು ಬೇಕು, ಕೆಲಸವನ್ನು ಬರೆದು ಕಳಿಸಿ’ ಎನ್ನಲು ಸರ್ಟಿಫಿಕೇಟ್ ಬೇಕಿಲ್ಲ. ಅಷ್ಟಕ್ಕೆ ಆಗದಿದ್ದರೆ ಕಾನೂನಿನ ದಾರಿ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವಿಧಗಳಲ್ಲಿ ಆಟಿಸಂ ಒಂದು. (ಎಡಿಎಚ್‌ಡಿ ಆ ಪಟ್ಟಿಯಲ್ಲಿ ಇಲ್ಲ. ಮೇಲಿನ ಟೀಚರಿಗೆ ಅದು ಅನ್ಯಾಯವೇ.) ಸಂಸ್ಥೆಗಳು ಸಮಾನ ಅವಕಾಶ ನೀತಿ ಪ್ರಕಟಿಸಬೇಕು ಎಂದೂ ಕಾಯ್ದೆ ಹೇಳುತ್ತದೆ. ನಿಮ್ಮ ಕಂಪನಿಯದನ್ನು ಎಚ್‌ಆರ್‌ ಬಳಿ ಕೇಳಿ ಓದಿಕೊಂಡು ಆಮೇಲೆ ತೀರ್ಮಾನಿಸಿ.

ಮದುವೆಯ ವಿಷಯದಲ್ಲಿ ನನಗೆ ಎರಡು ಮಾತಿಲ್ಲ: ನಿಶ್ಚಿತಾರ್ಥಕ್ಕೆ ಮೊದಲೇ ಹೇಳಿ. ಬ್ರೋಕರ್ ಮೂಲಕ ಅಲ್ಲ, ಆ ಹುಡುಗಿಗೇ ಹೇಳಿ. ಬರೀ ‘ಆಟಿಸಂ’ ಎಂದರೆ ಅವರು ರಾತ್ರಿ ಗೂಗಲ್ ಮಾಡಿ ಗಾಬರಿಯಾಗುತ್ತಾರೆ. ದಿನದ ಸಂಗತಿ ಹೇಳಿ. ಕೆಲಸ ಮುಗಿಸಿ ಬಂದ ಮೇಲೆ ಅರ್ಧ ಗಂಟೆ ಒಬ್ಬನೇ ಇರಬೇಕಾಗುತ್ತದೆ, ಅದು ಸಿಟ್ಟಲ್ಲ ಎಂದು. ಕುಕ್ಕರ್ ಸೀಟಿಗೆ ಕಿವಿ ಮುಚ್ಚಿಕೊಳ್ಳುತ್ತೇನೆ ಎಂದು, ಹಾಗಿದ್ದರೆ. ಛತ್ರದಲ್ಲಿ ಮೈಕಿನ ಅಬ್ಬರ ಎಷ್ಟಿರಬೇಕು ಎಂಬುದನ್ನೂ ಆಗಲೇ ಇಬ್ಬರೂ ಕೂತು ಮಾತಾಡಿಕೊಳ್ಳಬಹುದು.