ಸಾಲದ ಕಾರಣ ತಿಳಿಯಲು ವಯಸ್ಸು ಸಾಕಾ, ಕುಟುಂಬದ ಹಂತವೂ ಬೇಕಾ?

ಶಿರಸಿ, ಕಾರವಾರ ಕಡೆಯ ಮನೆಗಳು ಯಾಕೆ ಸಾಲ ಮಾಡುತ್ತವೆ ಅಂತ ಎಂ.ಎ. ಪ್ರಬಂಧ ಬರೆಯುತ್ತಿದ್ದೀರಿ, ಯಜಮಾನರ ವಯಸ್ಸು ಕೇಳಿದರೆ ಸಾಕಾ ಅಂತ ಕೇಳಿದ್ದೀರಿ. ಅಷ್ಟೇ ಸಾಕಾಗುವುದಿಲ್ಲ. ಅಡಿಕೆ ತೋಟ ನೋಡಿಕೊಂಡು ಊರಲ್ಲೇ ಇರುವ ಗಂಡುಮಕ್ಕಳ ಮದುವೆ ಎಷ್ಟು ತಡ ಆಗುತ್ತಿದೆ ಅಂತ ನಿಮಗೂ ಗೊತ್ತಲ್ವಾ? 45 ವರ್ಷದ ಒಬ್ಬರ ಮಗಳು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುತ್ತಾಳೆ, ಅದೇ ವಯಸ್ಸಿನ ಪಕ್ಕದ ಮನೆಯವರ ಮಗು ಈಗಷ್ಟೇ ಅಂಗನವಾಡಿಗೆ ಹೊರಟಿರುತ್ತದೆ. ವಯಸ್ಸು ಒಂದೇ ಆದರೂ ಕುಟುಂಬದ ಹಂತ, ಅಂದರೆ ಮಕ್ಕಳು ಚಿಕ್ಕವರಾ, ಓದುತ್ತಿದ್ದಾರಾ, ದುಡಿಯುತ್ತಿದ್ದಾರಾ ಎಂಬುದು, ಬೇರೆ. ಹಾಗಾಗಿ ಇಬ್ಬರ ಸಾಲಕ್ಕೂ ಕಾರಣ ಬೇರೆ.

ಈ ವಿಚಾರ ಹಳೆಯದು. ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಬಡತನದ ಬಗ್ಗೆ ಸಮಾಜ ಸಂಶೋಧಕ ರೌಂಟ್ರೀ 1901ರಲ್ಲಿ ಬರೆದರು. ಕೂಲಿಕಾರ ತಾನು ಮಗುವಾಗಿದ್ದಾಗ, ತನ್ನ ಮಕ್ಕಳು ಚಿಕ್ಕವರಿದ್ದಾಗ, ಕೊನೆಗೆ ಮುಪ್ಪಿನಲ್ಲಿ, ಹೀಗೆ ಮೂರು ಸಲ ಕಷ್ಟಕ್ಕೆ ಬೀಳುತ್ತಾನೆ, ನಡುವೆ ಮಕ್ಕಳು ದುಡಿಯಲು ಶುರು ಮಾಡಿದಾಗ ಸ್ವಲ್ಪ ಸುಧಾರಿಸಿಕೊಳ್ಳುತ್ತಾನೆ ಎಂದು ತೋರಿಸಿದರು. ರಷ್ಯದ ರೈತ ಕುಟುಂಬಗಳ ಬಗ್ಗೆ ಅರ್ಥಶಾಸ್ತ್ರಜ್ಞ ಚಯಾನೊವ್ ಕೂಡ ಇದನ್ನೇ ನೋಡಿದ್ದು: ಉಣ್ಣುವವರು ಎಷ್ಟು, ದುಡಿಯುವವರು ಎಷ್ಟು. ನನ್ನ ಪ್ರಕಾರ ಹಂತದ ಜೀವಾಳ ಇಷ್ಟೇ.

ಆದರೆ ಅಮೆರಿಕದ ಪುಸ್ತಕಗಳ ಪಟ್ಟಿಯನ್ನು (ಮದುವೆ, ಮಗು, ಶಾಲೆ, ಮಕ್ಕಳು ಮನೆ ಬಿಡುವುದು) ಹಾಗೇ ತರಬೇಡಿ. ನಮ್ಮಲ್ಲಿ ಒಂದೇ ಸೂರಿನಡಿ ಮೂರು ಹಂತ ಇರುತ್ತವೆ. ಮಗ ಬೆಂಗಳೂರಿಗೆ ಹೋದ ಅಂತ ಮನೆ ಖಾಲಿ ಅಂದುಕೊಂಡರೆ ತಪ್ಪು. ಹಂಚು ತೆಗೆದು ಸ್ಲ್ಯಾಬ್ ಹಾಕಿಸುವ ದುಡ್ಡು ಅವನದು, ತೋಟ ಗೇಣಿಗೆ ಕೊಡಬೇಕಾ ಬೇಡ್ವಾ ಎಂಬ ಮಾತೂ ಅವನ ಜೊತೆ ಫೋನಲ್ಲೇ ಆಗುತ್ತದೆ. ಹಾಗಾಗಿ ಮನೆಯಲ್ಲಿ ಒಲೆ ಎಷ್ಟು, ಯಾವ ಒಲೆಯಲ್ಲಿ ಯಾರು ಉಣ್ಣುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ, ಯಾರ ಆರೈಕೆ ಯಾರ ಮೇಲಿದೆ ಅಂತ ಬಿಡಿಬಿಡಿಯಾಗಿ ಕೇಳಿ, ಹಂತವನ್ನು ಆಮೇಲೆ ನೀವೇ ಕಟ್ಟಿ.

ಕಾರವಾರದ ಮೀನುಗಾರರ ಮನೆಗಳಿಗೆ ಹೋದರೆ ಋತುವನ್ನೂ ಬರೆದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ದಡದ ಮೇಲೆ ನೌಕರಿ ಇರುವ ಮಗ ಮನೆಯಲ್ಲಿದ್ದರೆ ಒಂದು ಲೆಕ್ಕ, ಬರೀ ಸಣ್ಣ ಮಕ್ಕಳಿದ್ದರೆ ಇನ್ನೊಂದು.

ವಯಸ್ಸು, ಆದಾಯ ಬಿಡಬೇಡಿ. ಅವೆರಡನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಹಂತ ಹೊಸದೇನಾದರೂ ಹೇಳುತ್ತಾ ನೋಡಿ. ಇನ್ನೊಂದು, ವಯಸ್ಸಾದವರು ಸಾಲ ಮಾಡದಿರುವುದು ಹಂತದಿಂದಷ್ಟೇ ಅಲ್ಲ, ಅವರ ತಲೆಮಾರಿನ ರೂಢಿಯಿಂದಲೂ ಇರಬಹುದು. ಒಂದೇ ಸಲದ ಸಮೀಕ್ಷೆಯಲ್ಲಿ ಇವೆರಡನ್ನೂ ಬೇರೆ ಮಾಡಿ ನೋಡಲು ಆಗುವುದಿಲ್ಲ, ಅದಕ್ಕೇ ಅವರ ಮಕ್ಕಳು ಚಿಕ್ಕವರಿದ್ದಾಗ ಸಾಲ ಮಾಡಿದ್ದರಾ, ಯಾರ ಹತ್ತಿರ ಅಂತಲೂ ಕೇಳಿ.