2 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಡಿಸ್ಕ್ ಅಳಿಸುವ ಮುನ್ನ

ಅಣ್ಣ ಕೊಟ್ಟ ಕೋರ್ 2 ಡ್ಯುಯೊ ಲ್ಯಾಪ್‌ಟಾಪ್, 2 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ ತೆವಳುತ್ತಿದೆ, ಸಿ ಪ್ರೋಗ್ರಾಂ ಅಭ್ಯಾಸಕ್ಕೆ ಲಿನಕ್ಸ್ ಹಾಕಬಹುದೇ ಎಂದು ಕೇಳಿದ್ದೀರಿ. ಖಂಡಿತ ಹಾಕಬಹುದು. ಆದರೆ ಯಾವ ಲಿನಕ್ಸ್ ಎನ್ನುವುದಕ್ಕಿಂತ ಮೊದಲು, ಆ ಡಿಸ್ಕಿನಲ್ಲಿ ಏನೇನಿದೆ ಎಂದು ಅಣ್ಣನನ್ನು ಕೇಳಿದ್ದೀರಾ?

ನಾನು ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಾಗ ಮನೆಯ ಪೆಂಟಿಯಂ 4 ಕಂಪ್ಯೂಟರಿಗೆ ಲಿನಕ್ಸ್ ಹಾಕಲು ಕುಳಿತೆ. ಡಿಸ್ಕನ್ನು ಭಾಗಗಳಾಗಿ ಹಂಚುವ ಪಾರ್ಟಿಷನ್ ಪರದೆ ಬಂದಾಗ ಓದದೆ ಮೊದಲ ಆಯ್ಕೆಯನ್ನೇ ಒತ್ತಿದೆ. ಅದು ಇಡೀ ಡಿಸ್ಕನ್ನು ಬಳಸುವ ಆಯ್ಕೆ. ಅಪ್ಪ ಮೂರು ವರ್ಷದಿಂದ ಇಟ್ಟಿದ್ದ ಅಡಿಕೆ ಲೆಕ್ಕವೆಲ್ಲ ಹೋಯಿತು. ಅಪ್ಪ ಬೈಯಲಿಲ್ಲ, ಮಂಡಿಯ ಹಳೆಯ ಚೀಟಿಗಳನ್ನು ಹುಡುಕಿ ತೆಗೆದು ಪುಸ್ತಕದಲ್ಲಿ ಮತ್ತೆ ಬರೆಯತೊಡಗಿದರು. ಪಕ್ಕದಲ್ಲಿ ಕುಳಿತು ಮೊತ್ತಗಳನ್ನು ಓದಿ ಹೇಳಿದವನು ನಾನು.

ಆದ್ದರಿಂದ ಮೊದಲು ಫೋಟೊ, ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಅಲ್ಲಿ ಒಂದೆರಡನ್ನು ತೆರೆದೂ ನೋಡಿ. ಆಮೇಲೆ ಗೆಳೆಯರ ಕಂಪ್ಯೂಟರಿನಲ್ಲಿ ರೂಫಸ್ ಎಂಬ ತಂತ್ರಾಂಶ ಬಳಸಿ 8 ಜಿಬಿ ಪೆನ್‌ಡ್ರೈವಿಗೆ ಡೆಬಿಯನ್ ಎಂಬ ಲಿನಕ್ಸಿನ 13ನೇ ಆವೃತ್ತಿಯನ್ನು, ಡಿಸ್ಕಿಗೆ ಹಾಕದೆಯೇ ನಡೆಯುವ ಲೈವ್ ರೂಪದಲ್ಲಿ, ಬರೆಯಿರಿ (ಪೆನ್‌ಡ್ರೈವಿನಲ್ಲಿ ಇದ್ದದ್ದು ಅಳಿಸಿಹೋಗುತ್ತದೆ). ಡೆಸ್ಕ್‌ಟಾಪ್, ಅಂದರೆ ಕಾಣುವ ಪರದೆ-ಮೆನುಗಳ ವ್ಯವಸ್ಥೆ, ಎಲ್‌ಎಕ್ಸ್‌ಕ್ಯೂಟಿ ಇರಲಿ, ಹಗುರವಾಗಿದೆ. ಕೋರ್ 2 ಡ್ಯುಯೊ 64 ಬಿಟ್ ಪ್ರೊಸೆಸರ್, ಹಾಗಾಗಿ ತೊಂದರೆಯಿಲ್ಲ. ಹೆಸರಿನಲ್ಲಿ 2 ಇಲ್ಲದ ಬರೀ ಕೋರ್ ಡ್ಯುಯೊ ಆಗಿದ್ದರೆ ಅದು 32 ಬಿಟ್. ಡೆಬಿಯನ್ 13ರಲ್ಲಿ ಅದಕ್ಕೆ ಇನ್‌ಸ್ಟಾಲರ್ ಇಲ್ಲ, 12ನ್ನೇ ಹಾಕಬೇಕು.

ಪೆನ್‌ಡ್ರೈವಿನಿಂದಲೇ ಎರಡು ದಿನ ನಡೆಸಿ ನೋಡಿ. ನಿಧಾನವಾಗಿರುತ್ತದೆ, ಆದರೆ ವೈಫೈ, ಧ್ವನಿ, ಟಚ್‌ಪ್ಯಾಡ್ ಕೆಲಸ ಮಾಡುತ್ತವೆಯೇ ಎಂದು ತಿಳಿಯುತ್ತದೆ. ಹಳೆಯ ಬ್ರಾಡ್‌ಕಾಮ್ ವೈಫೈ ಚಿಪ್ ಹಟ ಮಾಡಿದರೆ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಮಾಡಿಕೊಳ್ಳಿ, ಅಂದರೆ ಮೊಬೈಲಿನ ಇಂಟರ್ನೆಟ್ ಬಳಸಿ. ಜಾಲತಾಣಗಳೆಲ್ಲ ಸುರಕ್ಷಿತವಲ್ಲ ಎಂದು ಬ್ರೌಸರ್ ಹೇಳತೊಡಗಿದರೆ ಗಡಿಯಾರದ ದಿನಾಂಕ ನೋಡಿ; ಒಳಗಿನ ನಾಣ್ಯದಾಕಾರದ ಸೆಲ್ ಸತ್ತು ವರ್ಷ ಹಿಂದಕ್ಕೆ ಹೋಗಿರುತ್ತದೆ.

ಆಗಾಗ ತಾನಾಗಿಯೇ ನಿಂತುಹೋದರೆ ಬ್ಯಾಟರಿ ಕಳಚಿ, ರ‍್ಯಾಮ್ ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಕಪ್ಪಗಿನ ಪದರ ರಬ್ಬರಿಗೆ ಅಂಟಿ ಬರುತ್ತದೆ. ಪುಡಿಯನ್ನು ಒರೆಸಿ, ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಲಿನಕ್ಸಿನ ದೋಷ ಎಂದುಕೊಂಡ ಎಷ್ಟೋ ತೊಂದರೆಗಳು ನನಗೆ ಹೀಗೆ ಬಗೆಹರಿದಿವೆ.

ಸಿ, ಪೈಥಾನ್‌ಗಳಿಗೆ 2 ಜಿಬಿ ಧಾರಾಳ. ಬ್ರೌಸರಿಗೆ ಮಾತ್ರ ಸಾಲದು, ಎರಡು ಮೂರು ಟ್ಯಾಬಿನಲ್ಲೇ ಏದುಸಿರು ಬಿಡುತ್ತದೆ. ಕೈಯಲ್ಲಿ ಹಣವಿದ್ದರೆ ಮೊದಲು ಹಾರ್ಡ್ ಡಿಸ್ಕಿನ ಜಾಗಕ್ಕೆ ವೇಗದ ಸಾಟಾ ಎಸ್‌ಎಸ್‌ಡಿ ಹಾಕಿಸಿ, ಆಮೇಲೆ ರ‍್ಯಾಮ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ರ‍್ಯಾಮ್ ಹುಡುಕಬಹುದು, ಆದರೆ ನಿಮ್ಮದನ್ನು ಜೊತೆಗೇ ಒಯ್ಯಿರಿ. ಡಿಡಿಆರ್2, ಡಿಡಿಆರ್3 ಎಂದು ಬೇರೆ ಬೇರೆ ಬಗೆಯವು ಇರುತ್ತವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಇನ್ನು ಆ ಪಾರ್ಟಿಷನ್ ಪರದೆ. ಡಿಸ್ಕನ್ನು ಗಾತ್ರದಿಂದ ಗುರುತಿಸಿ: ನಿಮ್ಮ 160 ಜಿಬಿ ಡಿಸ್ಕ್ ಕೆಲವು ಕಡೆ 149 ಎಂದು ಕಾಣಬಹುದು, ಗಾಬರಿ ಬೇಡ, ಅದು ಎಣಿಕೆಯ ಕ್ರಮದ ವ್ಯತ್ಯಾಸ. ಸ್ವಲ್ಪ ಅನುಮಾನ ಬಂದರೂ ಒತ್ತಬೇಡಿ. ಪರದೆಯ ಫೋಟೊ ತೆಗೆದು ಇಲ್ಲೇ ಹಾಕಿ, ರಾತ್ರಿ ಹತ್ತರವರೆಗೆ ನೋಡುತ್ತಿರುತ್ತೇನೆ.