ಲೆವೆಲ್ 62 ಇದ್ದರೂ ಪ್ಲಾಟಿನಂ ಯಾಕೆ?

ಪ್ರಶ್ನೆ: ಅಕ್ಕಾ, ಮೊಬೈಲಿನ ಶೂಟಿಂಗ್ ಆಟ ಬಿಜಿಎಂಐನಲ್ಲಿ ನನ್ನ ಲೆವೆಲ್ 62. ನನ್ನ ಗೆಳೆಯನದು ಬರೀ 38. ಆದರೆ ಅವನು ಏಸ್, ನಾನಿನ್ನೂ ಪ್ಲಾಟಿನಂ. ಅವನಿಗಿಂತ ಎರಡು ವರ್ಷ ಮೊದಲಿಂದ ಆಡ್ತಿದ್ದೀನಿ. ಗೇಮ್ ಮೋಸ ಮಾಡ್ತಿದೆಯಾ?
– ಪಿಯು ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಮೋಸ ಏನೂ ಇಲ್ಲ ತಮ್ಮಾ. ಲೆವೆಲ್ ಅಂದ್ರೆ ಕಾಲೇಜಿನ ಹಾಜರಿ, ಟಿಯರ್ (ಪ್ಲಾಟಿನಂ, ಏಸ್‌ನಂಥ ದರ್ಜೆ) ಅಂದ್ರೆ ಪರೀಕ್ಷೆಯ ಅಂಕ. ನಿನ್ನ ಹಾಜರಿ ಚೆನ್ನಾಗಿದೆ.

ಲೆವೆಲ್ ಏರುವುದು ಎಕ್ಸ್‌ಪಿಯಿಂದ, ಅಂದ್ರೆ ಆಡಿದ್ದಕ್ಕೆ ಸಿಗುವ ಅನುಭವದ ಪಾಯಿಂಟ್‌ನಿಂದ. ಸೋತರೂ ಎಕ್ಸ್‌ಪಿ ಬರುತ್ತದೆ. ಡಬಲ್ ಎಕ್ಸ್‌ಪಿ ಕಾರ್ಡ್ ಹಾಕಿದರೆ ಇನ್ನೂ ಬೇಗ ಬರುತ್ತದೆ. ಬಂದದ್ದು ವಾಪಸ್ ಹೋಗುವುದಿಲ್ಲ. ಶೂಟರ್ ಆಟಗಳಲ್ಲಿ ಇದನ್ನು ಮನೆಮಾತು ಮಾಡಿದ್ದು 2007ರ ಕಾಲ್ ಆಫ್ ಡ್ಯೂಟಿ 4. ಅದರಲ್ಲಿ 55 ಲೆವೆಲ್ ಇದ್ದವು. ಏರಿದಂತೆಲ್ಲ ಹೊಸ ಬಂದೂಕು ಸಿಗುತ್ತಿತ್ತು. ಹಾಸನದಲ್ಲಿ ಅಣ್ಣನ ಕಂಪ್ಯೂಟರಿನಲ್ಲಿ ಪಿ90 ಬಂದೂಕಿಗಾಗಿ ಲೆವೆಲ್ 40 ಮುಟ್ಟಲು ನಾನು ರಾತ್ರಿಗಟ್ಟಲೆ ಕೂತಿದ್ದೆ. ಆ ಖುಷಿ ನನಗೆ ಗೊತ್ತು.

ಟಿಯರ್ ಲೆಕ್ಕ ಬೇರೆ. ಅದರ ಪಾಯಿಂಟ್ ಏರುತ್ತದೆ, ಇಳಿಯುತ್ತದೆ. ಪ್ಲಾಟಿನಂ 2700ಕ್ಕೆ ಶುರು, ಕ್ರೌನ್ 3700ಕ್ಕೆ, ಏಸ್ 4200ಕ್ಕೆ. ತುದಿಯಲ್ಲಿರುವ ಕಾಂಕರರ್ ಮೊದಲ 500 ಜನಕ್ಕೆ ಮಾತ್ರ. ಕೆಳಗಿನ ಟಿಯರ್‌ಗಳಲ್ಲಿ ಬಾಟ್‌ಗಳು (ಕಂಪ್ಯೂಟರೇ ಆಡಿಸುವ ಆಟಗಾರರು) ತುಂಬಿರುತ್ತವೆ, ಬೇಗ ಸತ್ತರೂ ಮೈನಸ್ ಅಷ್ಟಾಗಿ ಆಗುವುದಿಲ್ಲ. ಮೇಲೆ ಹೋದಂತೆ ಅದೇ ಸಾವಿಗೆ ಜಾಸ್ತಿ ಮೈನಸ್. ನೀನು ಸಿಕ್ಕಿಬಿದ್ದಿರುವುದು ಬಹುಶಃ ಇಲ್ಲೇ.

ಇಂಥ ರ್ಯಾಂಕಿಂಗ್‌ನ ಬೇರು ಚೆಸ್‌ನಲ್ಲಿದೆ. ಅಮೆರಿಕದ ಭೌತಶಾಸ್ತ್ರ ಮೇಷ್ಟ್ರು ಅರ್ಪಾದ್ ಎಲೋ ಕಟ್ಟಿದ ಲೆಕ್ಕವನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ನಿನಗಿಂತ ಬಲಶಾಲಿಯನ್ನು ಸೋಲಿಸಿದರೆ ಜಾಸ್ತಿ ಪಾಯಿಂಟ್. ದುರ್ಬಲನಿಗೆ ಸೋತರೆ ಜಾಸ್ತಿ ನಷ್ಟ. ವ್ಯಾಲರಂಟ್‌ನಂಥ ಆಟಗಳು ಈ ಬಲದ ಅಂದಾಜನ್ನು ಎಂಎಂಆರ್ ಅಂತ ಒಳಗೇ ಬಚ್ಚಿಟ್ಟುಕೊಳ್ಳುತ್ತವೆ. ನಮಗೆ ಕಾಣುವ ರ್ಯಾಂಕ್ ಅದರ ಹಿಂದೆ ನಿಧಾನವಾಗಿ ಓಡುತ್ತಿರುತ್ತದೆ. ಎಂಎಂಆರ್ ನಿನ್ನ ರ್ಯಾಂಕ್‌ಗಿಂತ ಮೇಲಿದ್ದರೆ ಗೆದ್ದಾಗ ಸಿಗುವುದು ಜಾಸ್ತಿ, ಸೋತಾಗ ಹೋಗುವುದು ಕಮ್ಮಿ. ನನಗೆ ಇದು ನ್ಯಾಯವಾದ ಏರ್ಪಾಡು ಅನಿಸುತ್ತದೆ. ವರ್ಷಗಟ್ಟಲೆ ಆಡಿದ್ದೀನಿ ಅನ್ನುವ ಒಂದೇ ಕಾರಣಕ್ಕೆ ಯಾರೂ ಮೇಲೆ ಹೋಗಬಾರದು, ಅಲ್ವಾ?

ಒಂದು ಕೆಲಸ ಮಾಡು. ಎರಂಗೆಲ್ ಮ್ಯಾಪ್‌ನಲ್ಲಿ ಪ್ರತಿ ಸಲ ಜನ ಮುಗಿಬೀಳುವ ಪೊಚಿಂಕಿ ಊರಿಗೇ ಇಳಿಯುತ್ತಿದ್ದರೆ ಬಿಡು. ಜನ ಕಮ್ಮಿ ಇರುವ ಕಡೆ ಇಳಿ, ಝೋನ್ (ಆಟದ ಸುರಕ್ಷಿತ ವಲಯ) ನೋಡಿಕೊಂಡು ನಡೆ, ಬದುಕುಳಿದ ಕೊನೆಯ ಹತ್ತು ಜನರೊಳಗೆ ಬರುವುದನ್ನು ಮೊದಲು ಕಲಿ. ಕಿಲ್ ಇದ್ದರೂ ಬೇಗ ಸತ್ತರೆ ಪ್ಲಸ್ ಉಳಿಯುವುದಿಲ್ಲ. ಕೈ ಪಳಗಿಸಲು ವೇರ್‌ಹೌಸ್ ಟಿಡಿಎಂ (ಎರಡು ತಂಡಗಳ ಚಿಕ್ಕ ಕಾದಾಟ) ಇದೆ. ಅಲ್ಲಿ ಎಷ್ಟು ಸತ್ತರೂ ಕ್ಲಾಸಿಕ್ ಟಿಯರ್‌ಗೆ, ಅಂದ್ರೆ ಮುಖ್ಯ ಆಟದ ಟಿಯರ್‌ಗೆ, ಏನೂ ಆಗುವುದಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟರೆ ಯಾರೋ ಮಗನ ಬದಲು ಆಡಿ ರ್ಯಾಂಕ್ ಪುಶ್ ಮಾಡಿಕೊಡ್ತಾರಂತೆ. 15 ವರ್ಷದ ಮಗ 2000 ರೂಪಾಯಿ ಕೇಳ್ತಿದ್ದಾನೆ. ಕೊಡಬಹುದಾ?
– ಗೃಹಿಣಿ, ಶಿರಸಿ

ಉತ್ತರ: ಖಂಡಿತ ಬೇಡ. ಅವರಿಗೆ ಮಗನ ಲಾಗಿನ್ ಕೊಡಬೇಕಾಗುತ್ತದೆ. ಐಡಿ ಕೈತಪ್ಪಬಹುದು, ಬ್ಯಾನ್ ಕೂಡ ಆಗಬಹುದು. ಇನ್ನೊಂದು ವಿಷಯ ಅವನಿಗೆ ಬಿಡಿಸಿ ಹೇಳಿ: ಕೊಂಡ ರ್ಯಾಂಕ್‌ನಲ್ಲಿ ಎದುರಾಗುವವರೂ ಅದೇ ಮಟ್ಟದವರು. ದಿನಾ ಸೋತು ಸೋತು ಪಾಯಿಂಟ್ ಕೆಳಗಿಳಿಯುತ್ತದೆ, ಆಟದ ಸಂತೋಷವೂ ಹೋಗುತ್ತದೆ. ಅವನ ವಯಸ್ಸನ್ನು ಆಟದಲ್ಲಿ ಸರಿಯಾಗಿ ನಮೂದಿಸಿದ್ದಾನಾ ಅಂತಲೂ ನೋಡಿ. ಬಿಜಿಎಂಐನಲ್ಲಿ 18ರೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಇರುವುದು ವಯಸ್ಸು ಸರಿ ಇದ್ದರೆ ಮಾತ್ರ ಕೆಲಸ ಮಾಡುತ್ತದೆ.